34 ವರ್ಷ, ಏನೂ ತೊಂದರೆ ಇಲ್ಲ. ಗರ್ಭಕಂಠದ ಕ್ಯಾನ್ಸರಿನ ಯಾವ ಲಕ್ಷಣ ಕಂಡರೆ ಡಾಕ್ಟರ ಹತ್ತಿರ ಹೋಗಬೇಕು?

ಕಂಡ ಮೇಲೆ ಹೋಗುವುದಾ? ನಾನು ಹಾಗೇ ಕಾದವಳು.

ವಿಟ್ಲದ ಕಡೆಯಿಂದ ಮದುವೆಯಾಗಿ ಕೇರಳದ ಬದಿಯಡ್ಕಕ್ಕೆ ಬಂದವಳು ನಾನು. ನನ್ನ ಮಲಯಾಳ ಬಸ್ಸಿಗೂ ಅಂಗಡಿಗೂ ಸಾಕು, ಅಷ್ಟೆ. 41ನೇ ವಯಸ್ಸಿನಲ್ಲಿ ಗಂಡನ ಜೊತೆ ಸೇರಿದ ಮೇಲೆ ಸ್ವಲ್ಪ ರಕ್ತ ಕಾಣಿಸತೊಡಗಿತು. ಜೊತೆಗೆ ಬಿಳಿ ಸೆರಗು. ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಅದಕ್ಕೆ ಮೈದುನನನ್ನು ಕರೆದುಕೊಂಡು ಹೋದೆ.

ತಪ್ಪಾದದ್ದು ಅಲ್ಲೇ. ಮೈದುನನ ಎದುರು ಆ ರಕ್ತದ ಮಾತು ಹೇಗೆ ಹೇಳುವುದು? "ಬಿಳಿ ಸೆರಗು ಅಂತ ಹೇಳು" ಎಂದೆ. ಅವನು ಅದನ್ನೂ ತಲೆ ತಗ್ಗಿಸಿಯೇ ಹೇಳಿದ. ಡಾಕ್ಟರು ಕೇಳಿದ್ದಕ್ಕೆ ಮದ್ದು ಕೊಟ್ಟರು, ಅವರದ್ದೇನೂ ತಪ್ಪಿಲ್ಲ. ಒಂದೇ ಒಂದು ವಾಕ್ಯ ನುಂಗಿದೆ ನೋಡಿ, ಎಂಟು ತಿಂಗಳು ಹೋಯಿತು. ಮುಟ್ಟಿನ ನಡುವೆ ರಕ್ತ ಹೋದರೆ ಉಷ್ಣ ಎಂದೆ. ಸೊಂಟ ನೋವು ಬಂದರೆ ಅಡಿಕೆ ಸುಲಿದದ್ದು ಜಾಸ್ತಿಯಾಯಿತು ಎಂದೆ. ಸೆರಗು ನಾರತೊಡಗಿದ ಮೇಲೆ ಮಂಗಳೂರಿಗೆ ಓಡಿದೆ. ಬಯಾಪ್ಸಿಯಲ್ಲಿ, ಅಂದರೆ ಸಣ್ಣ ತುಣುಕು ತೆಗೆದು ಪರೀಕ್ಷಿಸಿದಾಗ, ಕ್ಯಾನ್ಸರ್ ಎಂದು ಗೊತ್ತಾಯಿತು, ಎರಡನೇ ಹಂತ ದಾಟುವುದರಲ್ಲಿತ್ತು. 25 ರೇಡಿಯೇಶನ್, ವಾರಕ್ಕೊಂದು ಕೀಮೋ, ಆಮೇಲೆ ಒಳಗಿನಿಂದ ಕೊಡುವ ರೇಡಿಯೇಶನ್ ಬೇರೆ. ಮುಟ್ಟು ಅಲ್ಲಿಗೇ ನಿಂತಿತು.

ಅದಕ್ಕೇ ನಿಮ್ಮ ಪ್ರಶ್ನೆಯೇ ನನಗೆ ಹಿಡಿಸಲಿಲ್ಲ. ಈ ಕಾಯಿಲೆ ಶುರುವಿನಲ್ಲಿ ಸಾಮಾನ್ಯವಾಗಿ ಏನೂ ಹೇಳುವುದಿಲ್ಲ. ಎಚ್‌ಪಿವಿ ವೈರಸ್ ಒಳಗೇ ಉಳಿದುಕೊಂಡು ಕ್ಯಾನ್ಸರ್ ಆಗಲು ಹತ್ತು ಹದಿನೈದು ವರ್ಷ ಬೇಕಾಗುತ್ತದಂತೆ. ಆ ಹೊತ್ತಿನಲ್ಲಿ ಅದನ್ನು ಹಿಡಿಯುವುದು ಟೆಸ್ಟ್ ಮಾತ್ರ. ನಿಮಗೆ 30 ದಾಟಿದೆಯಲ್ವಾ, ಎಚ್‌ಪಿವಿ ಟೆಸ್ಟ್ ಮಾಡಿಸಿ. ಅದು ಸಿಗದಿದ್ದರೆ ಪ್ಯಾಪ್ ಸ್ಮಿಯರ್, ಅಂದರೆ ಗರ್ಭಕಂಠದಿಂದ ಜೀವಕೋಶಗಳನ್ನು ಒರೆಸಿ ತೆಗೆದು ನೋಡುವ ಟೆಸ್ಟ್. ಐದು ನಿಮಿಷದ ಕೆಲಸ, ಸ್ವಲ್ಪ ಮುಜುಗರ. ಕ್ಯಾನ್ಸರ್ ಆಗುವ ಮೊದಲೇ ಸಿಕ್ಕರೆ ಸಣ್ಣ ಚಿಕಿತ್ಸೆ ಮಾಡಿ ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ಮಗಳಿದ್ದರೆ 9ರಿಂದ 14 ವರ್ಷದೊಳಗೆ ಎಚ್‌ಪಿವಿ ಲಸಿಕೆ ಹಾಕಿಸಿ. ನನ್ನ ಮಗಳಿಗೆ ಹಾಕಿಸಿದೆ. ಅತ್ತೆ ಎರಡು ದಿನ ಮಾತು ಬಿಟ್ಟರು.

ಸೇರಿದ ಮೇಲೆ ರಕ್ತ, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ, ನಾರುವ ಸೆರಗು ಇದ್ದರೆ ಟೆಸ್ಟಿನ ಸರದಿ ಎಂದು ಕಾಯದೆ ಆ ವಾರವೇ ತೋರಿಸಿ. ಎಲ್ಲವೂ ಕ್ಯಾನ್ಸರೇ ಆಗಬೇಕೆಂದಿಲ್ಲ. ಹೇಳಲು ನಾಚಿಕೆಯಾದರೆ ಚೀಟಿಯಲ್ಲಿ ಬರೆದು ಕೊಡಿ. ಗಂಡಸರನ್ನು ಹೊರಗೆ ಕೂರಿಸಿ.

ಈಗ ನೆರೆಮನೆಯ ಅಕ್ಕಂದಿರ ಜೊತೆ ಆಸ್ಪತ್ರೆಗೆ ನಾನೇ ಹೋಗುತ್ತೇನೆ. ಆ ಒಂದು ವಾಕ್ಯವನ್ನು ಮಲಯಾಳದಲ್ಲಿ ಬಾಯಿಪಾಠ ಮಾಡಿಕೊಂಡಿದ್ದೇನೆ.