ಪುಸ್ತಕದ ಖರ್ಚು ನೋಡಿ ಗಾಬರಿಯಾಗಿದ್ದೀರಾ?

ವರ್ಷದ ಯುಪಿಐ ಲೆಕ್ಕ ಕೂಡಿಸಿದರೆ ಪುಸ್ತಕಕ್ಕೇ 28 ಸಾವಿರ ಹೋಗಿದೆ, ಕೊಳ್ಳುವುದನ್ನೇ ಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ಮೊದಲು ಆ ಮೊತ್ತದಲ್ಲಿ ಓದಿದ್ದೆಷ್ಟು, ಇನ್ನೂ ತೆರೆಯದೇ ಇರುವುದೆಷ್ಟು ಅಂತ ಬೇರೆ ಮಾಡಿ. ಡೆಲಿವರಿ ಉಚಿತವಾಗಲಿ ಅಂತ ಕೊನೇ ಗಳಿಗೆಯಲ್ಲಿ ಸೇರಿಸಿದ ಪುಸ್ತಕಗಳೇ ಪ್ಲಾಸ್ಟಿಕ್ ಹೊದಿಕೆ ಸಮೇತ ಕಪಾಟಿನಲ್ಲಿ ಕೂತಿರುತ್ತವೆ. ಕಡಿಮೆ ಮಾಡಬೇಕಾದ್ದು ಅದನ್ನು.

ಬೆಂಗಳೂರಿನಲ್ಲಿ ಸ್ವಂತ ಮನೆ ಅಂದಿದ್ದೀರಲ್ವಾ? ಹಾಗಿದ್ದರೆ ಗ್ರಂಥಾಲಯಕ್ಕೆ ನೀವು ಆಗಲೇ ದುಡ್ಡು ಕಟ್ಟುತ್ತಿದ್ದೀರಿ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇಕಡಾ 6 ಗ್ರಂಥಾಲಯ ಕರ ಸೇರಿಯೇ ಬರುತ್ತದೆ. ಕಟ್ಟಿದ ಮೇಲೆ ಬಳಸಬೇಕು ತಾನೇ! ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಒಂದು ಭಾನುವಾರ ಹೋಗಿ ಬನ್ನಿ. ಒಂದೇ ಸಲ ಓದುವ ಕಾದಂಬರಿಗಳನ್ನು ಅಲ್ಲೋ, ನಿಮ್ಮ ಬಡಾವಣೆಯ ಶಾಖೆಯಲ್ಲೋ ಹುಡುಕಿ.

ಇಂಗ್ಲಿಷ್ ಪುಸ್ತಕಕ್ಕೆ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಗಳಿವೆ. ಕನ್ನಡದ್ದನ್ನು ಪಟ್ಟಿ ಮಾಡಿಟ್ಟುಕೊಂಡು ನವೆಂಬರ್‌ವರೆಗೆ ಕಾಯಿರಿ, ರಾಜ್ಯೋತ್ಸವಕ್ಕೆ ಒಳ್ಳೇ ರಿಯಾಯಿತಿ ಸಿಗುತ್ತದೆ. ಆದರೆ ಚಿಕ್ಕ ಪ್ರಕಾಶಕರ ಹೊಸ ಪುಸ್ತಕ ಮಾತ್ರ ಪೂರ್ತಿ ಬೆಲೆ ಕೊಟ್ಟೇ ತಗೊಳ್ಳಿ. ಅವರು ಅಚ್ಚು ಹಾಕಿಸುವುದೇ ಕೆಲವು ನೂರು ಪ್ರತಿ, ನಿಮ್ಮ ಒಂದು ಖರೀದಿಗೂ ಅಲ್ಲಿ ಬೆಲೆಯಿದೆ.