ಕೋಳಿ ಮೂಳೆ ಸಾರು ಜೆಲ್ಲಿಯಂತೆ ಕಟ್ಟದಿದ್ದರೆ

ಒಂದು ಕಿಲೋ ಮೂಳೆಗೆ 4 ಲೀಟರ್ ನೀರಿಟ್ಟು ಕುದಿಸಿದರೂ ಫ್ರಿಜ್‌ನಲ್ಲಿ ಸಾರು ನೀರಾಗಿಯೇ ಇದೆ ಎಂದಿದ್ದೀರಿ. ನೀರು ಹೆಚ್ಚಾಗಿದೆ, ಕಿಲೋಗೆ 2 ಲೀಟರ್ ಸಾಕು. ಎದೆಗೂಡಿನ ಮೂಳೆಯೊಂದರಲ್ಲೇ ಸಾರನ್ನು ಜೆಲ್ಲಿಯಂತೆ ಕಟ್ಟಿಸುವ ಜೆಲಟಿನ್ ಅಷ್ಟು ಸಿಗುವುದಿಲ್ಲ, ಅದು ಬರುವುದು ಚರ್ಮ, ಕೀಲು, ಮೆದುಮೂಳೆಯಿಂದ. ಅಂಗಡಿಯಲ್ಲಿ ಕೋಳಿ ಕಾಲು (ತೊಡೆಯಲ್ಲ, ಉಗುರಿರುವ ಪಾದ) ಕೇಳಿ ತನ್ನಿ, 6–8 ಸಾಕು. ಬಿಸಿನೀರಲ್ಲಿ ಅದ್ದಿ ಹಳದಿ ಸಿಪ್ಪೆ ಸುಲಿದು, ಉಗುರು ಕತ್ತರಿಸಿ ಹಾಕಿ. ತಣ್ಣೀರಿನಿಂದಲೇ ಶುರು ಮಾಡಿ, ನೊರೆ ತೆಗೆದು, ಸಣ್ಣ ಉರಿಯಲ್ಲಿ 5–6 ಗಂಟೆ ಬಿಡಿ. ಕೊತಕೊತ ಕುದಿಸಿದರೆ ಕೊಬ್ಬು ನೀರಿಗೆ ಬೆರೆತು ಸಾರು ಕದಡುತ್ತದೆ. ಕುಕ್ಕರಾದರೆ ಒಂದೂವರೆ ಗಂಟೆ, ಪ್ರೆಷರ್ ತಾನಾಗಿಯೇ ಇಳಿಯಲಿ. ಈಗ ಮಾಡಿಟ್ಟಿರುವುದನ್ನು ದಯವಿಟ್ಟು ಚೆಲ್ಲಬೇಡಿ: ಸೋಸಿ, ಮುಚ್ಚಳ ತೆಗೆದು ಅರ್ಧಕ್ಕೆ ಇಂಗಿಸಿ. ಉಪ್ಪು ಆಮೇಲೆ ಹಾಕಿ.