ಎಡಿಎಕ್ಸ್‌ಎಲ್345 ಸ್ಕ್ಯಾನರ್‌ನಲ್ಲಿ ಸಿಗುತ್ತದೆ, ಆದರೆ ಮೂರೂ ಅಕ್ಷ ಸೊನ್ನೆ ಬರುತ್ತಿದೆ, ಯಾಕೆ?

ನಿಮ್ಮ ಎಡಿಎಕ್ಸ್‌ಎಲ್345, ಅಂದರೆ ಮೂರು ದಿಕ್ಕಿನ ವೇಗೋತ್ಕರ್ಷ (ಆಕ್ಸಿಲರೇಶನ್) ಅಳೆಯುವ ಚಿಪ್, ಇನ್ನೂ ಎದ್ದಿಲ್ಲ, ಅದಕ್ಕೇ ಸೊನ್ನೆ. ಆರ್ಡುಯಿನೋ ಊನೋ ಅನ್ನುವ ಸಣ್ಣ ಕಂಪ್ಯೂಟರಿಗೆ ವಿಸಿಸಿ, ಗ್ರೌಂಡ್, ಎಸ್‌ಡಿಎ, ಎಸ್‌ಸಿಎಲ್ ಈ ನಾಲ್ಕೇ ತಂತಿ (ಮೊದಲೆರಡು ವಿದ್ಯುತ್ತಿಗೆ, ಕೊನೆಯೆರಡು ಮಾಹಿತಿಗೆ) ಹಾಕಿದ್ದೀರಿ, ಐ2ಸಿ (ಆ ಎರಡು ಮಾಹಿತಿ ತಂತಿಗಳ ಸಂಪರ್ಕ ವಿಧಾನ) ಸ್ಕ್ಯಾನರ್, ಅಂದರೆ ತಂತಿಯಲ್ಲಿ ಯಾವ ಚಿಪ್ ಇದೆ ಅಂತ ಹುಡುಕುವ ಪ್ರೋಗ್ರಾಮ್, ಹೆಕ್ಸ್ (ಹದಿನಾರರ ಲೆಕ್ಕದ) 53 ಅಂತ ವಿಳಾಸ ತೋರಿಸುತ್ತದೆ, ಓದಿದರೆ ಎಲ್ಲ ಸೊನ್ನೆ, ಜೊತೆಗೆ ಆಗಾಗ ವಿಳಾಸವೇ ಕಾಣೆಯಾಗುತ್ತದೆ ಅಂತ ಬರೆದಿದ್ದೀರಿ. ಇವು ಎರಡು ಬೇರೆ ಬೇರೆ ತೊಂದರೆಗಳು. ಸೊನ್ನೆ ಬರುವುದು ಪ್ರೋಗ್ರಾಮಿನಿಂದ, ವಿಳಾಸ ಹೋಗುವುದು ತಂತಿಯಿಂದ. ಮೊದಲು ತಂತಿ ಸರಿ ಮಾಡಿಕೊಳ್ಳಿ, ಇಲ್ಲದಿದ್ದರೆ ಸರಿಯಾದ ಕೋಡ್ ಬರೆದರೂ ಅದನ್ನೇ ಅನುಮಾನಿಸುತ್ತಾ ಕೂರುತ್ತೀರಿ.

ಈ ಚಿಪ್ ಐ2ಸಿ ಮತ್ತು ಎಸ್‌ಪಿಐ ಎಂಬ ಎರಡು ಸಂಪರ್ಕ ವಿಧಾನಗಳಲ್ಲೂ ಮಾತಾಡುತ್ತದೆ. ಯಾವುದರಲ್ಲಿ ಅನ್ನುವುದನ್ನು ಸಿಎಸ್ ಪಿನ್ ಹೇಳುತ್ತದೆ: ಅದು ಹೈ (ವೋಲ್ಟೇಜ್ ಇರುವ ಸ್ಥಿತಿ) ಇದ್ದರೆ ಐ2ಸಿ. ಚಿಪ್ಪಿನ ಒಳಗೆ ಆ ಪಿನ್ನಿಗೆ ತಾನಾಗೇ ಹೈ ಇಡುವ ಪುಲ್‌ಅಪ್ ಇಲ್ಲ. ಚಿಪ್ ಕೂತಿರುವ ಬೋರ್ಡ್ ಮಾಡಿದವರು ಹಾಕಿರದಿದ್ದರೆ ಸಿಎಸ್ ಸುಮ್ನೆ ಗಾಳಿಯಲ್ಲಿ ತೇಲುತ್ತಿರುತ್ತದೆ, ಕೈ ಹತ್ತಿರ ಹೋದರೂ ಚಿಪ್ ಬೇರೆ ಥರ ಆಡುತ್ತದೆ. ಸಿಎಸ್ ಅನ್ನು 3.3 ವೋಲ್ಟಿಗೆ ಕಟ್ಟಿ. ಎಸ್‌ಡಿಒ ಪಿನ್ನನ್ನೂ ಹಾಗೇ ಬಿಡಬೇಡಿ. ಅದು ಗ್ರೌಂಡಿಗೆ ಹೋದರೆ ವಿಳಾಸ ಹೆಕ್ಸ್ 53, ಹೈಗೆ ಹೋದರೆ ಹೆಕ್ಸ್ 1ಡಿ. ಮತ್ತೆ, ಪಿನ್ ಪಟ್ಟಿಯನ್ನು ಬೋರ್ಡಿನ ತೂತುಗಳಿಗೆ ಬರೀ ತೂರಿಸಿ ಇಟ್ಟಿದ್ದರೆ ದಯವಿಟ್ಟು ಸೋಲ್ಡರ್ ಮಾಡಿ. ಸೋಲ್ಡರ್ ಇಲ್ಲದ ಪಿನ್ ಮೇಲೆ ಮಾಡುವ ಯಾವ ಪರೀಕ್ಷೆಗೂ ಅರ್ಥ ಇರುವುದಿಲ್ಲ.

ವೋಲ್ಟೇಜ್ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ. ಚಿಪ್ಪಿಗೆ ಬೇಕಾದದ್ದು 2.0 ರಿಂದ 3.6 ವೋಲ್ಟ್, ಊನೋ ನಡೆಯುವುದು 5 ವೋಲ್ಟಿನಲ್ಲಿ. ಬೋರ್ಡ್ ಮೇಲೆ ವೋಲ್ಟೇಜ್ ಇಳಿಸುವ ರೆಗ್ಯುಲೇಟರ್ ಇದ್ದರೆ ಅದರ ಇನ್‌ಪುಟ್ ಪಿನ್ನಿಗೆ 5 ವೋಲ್ಟ್ ಕೊಡಬಹುದು, ಇಲ್ಲದಿದ್ದರೆ 3.3 ಮಾತ್ರ. ಜನ ಇಷ್ಟು ನೋಡಿ ಬಿಟ್ಟುಬಿಡುತ್ತಾರೆ, ಎಸ್‌ಡಿಎ ಮತ್ತು ಎಸ್‌ಸಿಎಲ್ ತಂತಿಗಳನ್ನು ನೋಡುವುದೇ ಇಲ್ಲ. ಆ ತಂತಿಗಳಲ್ಲಿ ಮಾತು ನಡೆಯದಿರುವಾಗ ಚಿಪ್ಪಿನ ಕಡೆ ಆ ಎರಡರ ಮೇಲೂ ಮೀಟರ್ ಇಟ್ಟು ನೋಡಿ. 3.3 ಹತ್ತಿರ ಇದ್ದರೆ ಒಳ್ಳೆಯದು. 5ರ ಹತ್ತಿರ ಇದ್ದರೆ 5 ವೋಲ್ಟನ್ನು 3.3ಕ್ಕೆ ಇಳಿಸುವ ಲೆವೆಲ್ ಶಿಫ್ಟರ್ ಹಾಕಿ, "ಈಗ ನಡೀತಿದೆಯಲ್ಲ" ಅಂತ ಬಿಡಬೇಡಿ.

ಈಗ ಕೋಡ್. ಲೈಬ್ರರಿಯನ್ನು (ಬೇರೆಯವರು ಬರೆದಿಟ್ಟ ಕೋಡನ್ನು) ಸದ್ಯಕ್ಕೆ ಪಕ್ಕಕ್ಕಿಡಿ. ನನ್ನ ಪ್ರಕಾರ ಇಂಥ ಸಣ್ಣ ಚಿಪ್ಪಿನಲ್ಲಿ ರಿಜಿಸ್ಟರುಗಳನ್ನು (ಚಿಪ್ಪಿನ ಒಳಗಿನ ಸಂಖ್ಯೆ ಇಡುವ ಗೂಡುಗಳನ್ನು) ಒಮ್ಮೆ ನೀವೇ ಓದಿ ಬರೆದು ನೋಡುವುದೇ ಸರಿಯಾದ ದಾರಿ, ಯಾಕೆಂದರೆ ಎಲ್ಲಿ ನಿಂತಿತು ಅನ್ನುವುದು ಆಗ ಮಾತ್ರ ಗೊತ್ತಾಗುತ್ತದೆ. ರಿಜಿಸ್ಟರ್ 0 ಓದಿ. ಹೆಕ್ಸ್ ಇ5, ಅಂದರೆ 229 ಬರಬೇಕು. ಸ್ಕ್ಯಾನರಿನಲ್ಲಿ ವಿಳಾಸ ಕಂಡರೆ ಅಲ್ಲಿ ಯಾರೋ ಇದ್ದಾರೆ ಅಂತ ಮಾತ್ರ ಗೊತ್ತಾಗುತ್ತದೆ, 229 ಬಂದರೆ ಅದು ಇದೇ ಚಿಪ್, ಓದುವ ದಾರಿಯೂ ಸರಿ ಇದೆ ಅಂತ ಗೊತ್ತಾಗುತ್ತದೆ.

ಆಮೇಲೆ ನಿಮ್ಮ ಸೊನ್ನೆಯ ಮದ್ದು: ರಿಜಿಸ್ಟರ್ ಹೆಕ್ಸ್ 2ಡಿಗೆ 8 ಬರೆಯಿರಿ. ಪವರ್ ಬಂದಾಗ ಈ ಚಿಪ್ ಸ್ಟ್ಯಾಂಡ್‌ಬೈನಲ್ಲಿ ಇರುತ್ತದೆ, ಆ ಒಂದು ಬಿಟ್ ಹಾಕುವವರೆಗೆ ಅಳೆಯುವುದೇ ಇಲ್ಲ. ಅದರ ಜೊತೆಗೇ ಹೆಕ್ಸ್ 31ಕ್ಕೆ ಹೆಕ್ಸ್ 0ಬಿ, ಅಂದರೆ 11 ಬರೆದರೆ ಪ್ಲಸ್ ಮೈನಸ್ 16 ಜಿ (1 ಜಿ ಅಂದರೆ ಭೂಮಿಯ ಗುರುತ್ವದಷ್ಟು) ರೇಂಜ್, ಫುಲ್ ರೆಸಲ್ಯೂಶನ್ ಬರುತ್ತದೆ. ಆಗ ಒಂದು ಎಣಿಕೆ ಅಂದರೆ ಸುಮಾರು 3.9 ಮಿಲಿ ಜಿ, ಅಂದರೆ 1 ಜಿಗೆ ಹೆಚ್ಚು ಕಡಿಮೆ 256. ವೇಗ ಮುಟ್ಟಬೇಡಿ, ತಾನಾಗೇ ಸೆಕೆಂಡಿಗೆ 100 ಸಲ ಇರುತ್ತದೆ. ಊನೋದ ಐ2ಸಿ ಮಾಮೂಲಿಯಾಗಿ 100 ಕಿಲೋಹರ್ಟ್ಝ್‌ನಲ್ಲಿ ಓಡುತ್ತದೆ, ಅದರಲ್ಲಿ ಸೆಕೆಂಡಿಗೆ 200 ಸಲಕ್ಕಿಂತ ಜಾಸ್ತಿ ಕೇಳುವುದು ಬೇಡ.

ಹೆಕ್ಸ್ 32ರಿಂದ ಆರು ಬೈಟುಗಳನ್ನು ಒಂದೇ ಸಲ ಓದಿ, ಒಂದೊಂದಾಗಿ ಬೇಡ. ಬಿಡಿಬಿಡಿಯಾಗಿ ಓದಿದರೆ ಮಧ್ಯೆ ಹೊಸ ಅಳತೆ ಬಂದು, ಕೆಳಗಿನ ಬೈಟ್ ಹಳೆಯದು ಮೇಲಿನದು ಹೊಸದು ಆಗಿ, ಎಲ್ಲಿಂದಲೋ ಒಂದು ದೊಡ್ಡ ನೆಗೆತ ಕಾಣುತ್ತದೆ. ಕೆಳಗಿನ ಬೈಟ್ ಮೊದಲು ಬರುತ್ತದೆ. ಎರಡನ್ನೂ ಸೇರಿಸಿದ್ದನ್ನು ಸೈನ್ ಇರುವ 16 ಬಿಟ್ ಇಂಟಿಜರಿನಲ್ಲೇ ಇಡಿ. ಊನೋದಲ್ಲಿ ಮಾಮೂಲಿ ಇಂಟ್ ಕೂಡ 16 ಬಿಟ್ಟೇ, ಹಾಗಾಗಿ ನಡೆಯುತ್ತದೆ. ಇಂಟ್ ಬಳಸಿದ ಕೋಡನ್ನು ನಾಳೆ 32 ಬಿಟ್ ಬೋರ್ಡಿಗೆ ಒಯ್ದರೆ ಮೈನಸ್ 10 ಬರುವ ಕಡೆ 65526 ಬರುತ್ತದೆ.

ಬೋರ್ಡನ್ನು ಮೇಜಿನ ಮೇಲೆ ಚಪ್ಪಟೆಯಾಗಿಡಿ. ಝಡ್ 256ರ ಹತ್ತಿರ, ಉಳಿದೆರಡು ಸೊನ್ನೆಯ ಹತ್ತಿರ ಬರಬೇಕು. ಹತ್ತಿರ ಅಂದೆ, ಸರಿಯಾಗಿ ಅಷ್ಟೇ ಅಲ್ಲ. ಎಕ್ಸ್ ಮತ್ತು ವೈ 150 ಮಿಲಿ ಜಿವರೆಗೆ, ಝಡ್ 250ರವರೆಗೆ ಆಚೀಚೆ ಇರಬಹುದು ಅಂತ ಚಿಪ್ ಮಾಡಿದವರ ಡೇಟಾಶೀಟೇ ಹೇಳುತ್ತದೆ, ಹಾಗಾಗಿ ಎಕ್ಸ್‌ನಲ್ಲಿ 30 ಕಂಡ ತಕ್ಷಣ ಚಿಪ್ ಬಿಸಾಡಬೇಡಿ. ಬೋರ್ಡನ್ನು ತಲೆಕೆಳಗು ಮಾಡಿ ಇನ್ನೊಮ್ಮೆ ಓದಿ. ಝಡ್ ಮೊದಲು 276, ಈಗ ಮೈನಸ್ 236 ಬಂತು ಅಂದುಕೊಳ್ಳಿ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 20, ಅದೇ ಚಿಪ್ಪಿನ ಸ್ಥಿರ ತಪ್ಪು, ಅಂದರೆ ಆಫ್‌ಸೆಟ್. ಆಫ್‌ಸೆಟ್ ರಿಜಿಸ್ಟರಿನ ಒಂದು ಹೆಜ್ಜೆ 15.6 ಮಿಲಿ ಜಿ, ಅಂದರೆ ನಾಲ್ಕು ಎಣಿಕೆ. ಹಾಗಾಗಿ ಝಡ್ ಆಫ್‌ಸೆಟ್ ಇರುವ ಹೆಕ್ಸ್ 20ಕ್ಕೆ ಮೈನಸ್ 5, ಬೈಟಿನ ಲೆಕ್ಕದಲ್ಲಿ 251 ಬರೆಯಿರಿ. ಪವರ್ ಹೋದರೆ ಇದು ಅಳಿಸಿಹೋಗುತ್ತದೆ, ಆದ್ದರಿಂದ ಕೋಡಿನ ಶುರುವಿನಲ್ಲಿ ಓಡುವ ಸೆಟಪ್ ಒಳಗೇ ಇರಲಿ.

ಹಲಗೆಯ ಓರೆ ಅಳೆಯಬೇಕು ಅಂದಿದ್ದೀರಲ್ವಾ, ಹಲಗೆ ಅಲ್ಲಾಡದೆ ನಿಂತಿರುವಾಗ ಇದೊಂದೇ ಚಿಪ್ ಸಾಕು. ಅಲ್ಲಾಡುತ್ತಿರುವಾಗ ಗುರುತ್ವದ ಜೊತೆ ಆ ಚಲನೆಯೂ ಸೇರಿಕೊಳ್ಳುತ್ತದೆ. ಹಲಗೆ ಚಪ್ಪಟೆಯಾಗಿದ್ದು ಇದ್ದಲ್ಲೇ ತಿರುಗಿದರೆ ಮಾತ್ರ ಇದಕ್ಕೆ ಗೊತ್ತೇ ಆಗುವುದಿಲ್ಲ, ಅದಕ್ಕೆ ತಿರುಗುವಿಕೆ ಅಳೆಯುವ ಜೈರೋ ಅಥವಾ ದಿಕ್ಸೂಚಿಯಂಥ ಮ್ಯಾಗ್ನೆಟೋಮೀಟರ್ ಬೇಕು.

ಸಿಎಸ್ ಕಟ್ಟಿ, ಸೋಲ್ಡರ್ ಮಾಡಿದ ಮೇಲೂ 229 ಬರದಿದ್ದರೆ ಬೋರ್ಡಿನ ಎರಡೂ ಬದಿಯ ಫೋಟೋ ಮತ್ತು ಆ ಎರಡು ಮೀಟರ್ ಓದುವಿಕೆ ಹಾಕಿ, ನೋಡಿ ಹೇಳುತ್ತೇನೆ.